ಚೀಟಿಗಿಂತ ಮೊದಲು ಸಂಚಿ

ಕೊಪ್ಪದ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ನಾನು ವೈದ್ಯೆ. ಉಪಕೇಂದ್ರದ ಸಿಎಚ್‌ಓಗಳು, ಅಂದರೆ ಸಮುದಾಯ ಆರೋಗ್ಯ ಅಧಿಕಾರಿಗಳು, ನರ್ಸಿಂಗ್ ಓದಿದವರು. ಬಿಪಿ, ಶುಗರ್ ಮಾತ್ರೆ ಶುರು ಮಾಡುವುದು ನಾವು, ತಿಂಗಳು ತಿಂಗಳು ನೋಡಿ ಕೊಡುವುದು ಅವರು. ಕಾಫಿ ತೋಟದ ಲೈನ್ ಮನೆಗಳವರಿಗೆ ಅವರೇ ಡಾಕ್ಟರು.

ಇಂಗ್ಲೆಂಡಿನಲ್ಲಿ 2006ರಿಂದ ನರ್ಸ್, ಫಾರ್ಮಸಿಸ್ಟ್‌ಗಳೂ ತರಬೇತಿ ಮುಗಿಸಿ ತಾವೇ ಔಷಧ ಬರೆಯುತ್ತಾರೆ. ಫಾರ್ಮಸಿಸ್ಟ್ ಆದವರು ಅದಕ್ಕೆ ಮೊದಲು 90 ಗಂಟೆ ಅನುಭವಿಗಳ ಕಣ್ಣೆದುರಲ್ಲಿ ಕೆಲಸ ಕಲಿಯಬೇಕು. ನಮ್ಮಲ್ಲಿ ಆ ಅಧಿಕಾರ ಇಲ್ಲ. ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ! ವಾರಕ್ಕೊಂದು ದಿನ ಇಬ್ಬರು ಸಿಎಚ್‌ಓಗಳನ್ನೂ ನಮ್ಮ ಫಾರ್ಮಸಿಸ್ಟನ್ನೂ ಓಪಿಡಿಯಲ್ಲಿ ನನ್ನ ಜೊತೆ ಕೂರಿಸಿಕೊಂಡೆ.

ಮೊದಲು ಹೇಳಿಕೊಟ್ಟದ್ದು ಬಿಪಿ ನೋಡುವುದನ್ನೇ. ಏರು ಹತ್ತಿ ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು, ತೋಳಿಗೆ ಆಸರೆ ಕೊಡಬೇಕು, ಮಾತಾಡಿಸಬಾರದು.

ಆಮೇಲೊಂದು ದಿನ ಕಾಫಿ ಕೊಯ್ಯುವ ಹೆಂಗಸೊಬ್ಬರು ಬಂದರು. ಮೂರು ತಿಂಗಳಿಂದ ಮಾತ್ರೆ ತಪ್ಪಿಸಿಲ್ಲ, ಬಿಪಿ ಮಾತ್ರ 160ರಿಂದ ಇಳಿದಿಲ್ಲ. "ಮೇಡಂ, ಅಮ್ಲೋಡಿಪಿನ್ 5 ಸಾಲ್ತಿಲ್ಲ, 10 ಮಾಡೋಣ್ವಾ?" ಅಂದರು ಸಿಸ್ಟರ್. ನಾನು ಹೂಂ ಅನ್ನುವವಳಿದ್ದೆ. ಅಷ್ಟರಲ್ಲಿ ಫಾರ್ಮಸಿಸ್ಟ್, "ಅಮ್ಮಾ, ಬೇರೆ ಏನಾದ್ರೂ ಮಾತ್ರೆ ತಗೋತೀರಾ?" ಅಂತ ಕೇಳಿದರು. ಇಲ್ಲ ಅಂದರು. "ಸೊಂಟ ನೋವಿಗೆ?" ಎಂದಾಗ ಸೆರಗಿನಡಿಯ ಎಲೆಯಡಿಕೆ ಸಂಚಿ ಬಿಚ್ಚಿದರು. ಸುಣ್ಣದ ಡಬ್ಬಿಯ ಪಕ್ಕ ಅರ್ಧ ಖಾಲಿಯಾದ ಡೈಕ್ಲೋಫೆನಾಕ್ ಶೀಟು. ದಿನಾ ಎರಡು, ಸುಗ್ಗಿ ಶುರುವಾದಾಗಿನಿಂದ. ಅವರ ಲೆಕ್ಕದಲ್ಲಿ ಅದು ಔಷಧಿಯಲ್ಲ, ಕೆಲಸಕ್ಕೆ ಹೋಗಲು ಬೇಕಾದ ಬಲ.

ಈ ತರದ ನೋವಿನ ಮಾತ್ರೆ ಬಿಪಿ ಏರಿಸುತ್ತದೆ, ಕಿಡ್ನಿಗೂ ಪೆಟ್ಟು. ಅದನ್ನು ಬಿಡಿಸಿ ಪ್ಯಾರಾಸಿಟಮಾಲ್ ಕೊಟ್ಟೆವು, ಕಿಡ್ನಿ ಪರೀಕ್ಷೆಗೆ ರಕ್ತ ತೆಗೆದೆವು. ಅಮ್ಲೋಡಿಪಿನ್ 5 ಹಾಗೇ ಇರಲಿ ಎಂದೆ. ಮುಂದಿನ ತಿಂಗಳು 138. ಆ ಪ್ರಶ್ನೆ ನಾನು ಕೇಳಬೇಕಿತ್ತು, ಕೇಳಿದ್ದು ಫಾರ್ಮಸಿಸ್ಟ್. ಅಂದಿನಿಂದ ನಮ್ಮಲ್ಲಿ ಸಂಚಿ ನೋಡದೆ ಯಾರೂ ಮಾತ್ರೆ ಏರಿಸುವುದಿಲ್ಲ. ಬಿಪಿಯ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟನ್ ಆದರೆ ಮುಟ್ಟಿನ ವಿಷಯ ಕೇಳದೆ ಕೊಡುವುದಿಲ್ಲ, ಬಸುರಿಯರಿಗೆ ಅದು ಸಲ್ಲ.

ಕಳೆದ ಜನವರಿಯಲ್ಲಿ ಜ್ವರ, ಮೈಕೈ ನೋವು ಅಂತ ಒಬ್ಬ ಹುಡುಗ ಉಪಕೇಂದ್ರಕ್ಕೆ ಬಂದ. ನೋವಿಗೆ ಇಂಜೆಕ್ಷನ್ ಬೇಕೆಂದು ಹಟ. ಸಿಸ್ಟರ್ ಕೊಡಲಿಲ್ಲ. ನಮ್ಮ ಕಾಡಿನಲ್ಲಿ ಉಣುಗು ಕಚ್ಚಿ ಮಂಗನ ಕಾಯಿಲೆ ಬರುವುದುಂಟು. "ದರಗೆಲೆ ತರೋಕೆ ಕಾಡಿಗೆ ಹೋಗಿದ್ಯೇನಪ್ಪ? ಉಣುಗು ಕಚ್ಚಿತ್ತಾ?" ಅಂತ ಕೇಳಿ, ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು ನನಗೆ ಫೋನ್ ಮಾಡಿದರು: "ಮೇಡಂ, ಮಂಗನ ಕಾಯಿಲೆ ಇರಬಹುದು. ರಕ್ತಸ್ರಾವದ ಭಯ, ಬೇರೆ ನೋವಿನ ಮಾತ್ರೆ ಮುಟ್ಟಿಲ್ಲ. ರಕ್ತ ಪರೀಕ್ಷೆಗೆ ಕಳಿಸ್ತಿದೀನಿ."