ಮೂವತ್ತು ಸಲ ಕೇಳಿದ ಮೇಲೆ ಬೇಜಾರು ಬಂತು

ಅಪಘಾತವಾಗಿ ಇದು ಆರನೇ ವರ್ಷ. ಕಳೆದ ವಾರ ಹೆದ್ದಾರಿಯಲ್ಲಿ ನಾನೇ ಕಾರು ಓಡಿಸಿಕೊಂಡು ಹೋಗಿ ಬಂದೆ, ರಾತ್ರಿ ಹೊತ್ತು. ಪಕ್ಕದಲ್ಲಿ ಅಣ್ಣ ಕೂತಿದ್ದ. "ಹಳೇ ಗಾಯ ಕೆದಕಬೇಡ, ಇನ್ನೂ ಜಾಸ್ತಿ ಆಗುತ್ತೆ" ಎಂದು ಎರಡು ವರ್ಷ ತಲೆ ತಿಂದವನು ಅವನೇ. ಹೋಗುವಾಗ ತುಟಿ ಬಿಚ್ಚಲಿಲ್ಲ. ನನಗೆ ಒಳಗೊಳಗೇ ಖುಷಿ.

ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನೆನಪು ಬಿಡದೆ ಕಾಡುವ ಕಾಯಿಲೆ, ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ದುಡ್ಡು ಎಲ್ಲಿ ಸುರಿದೆ ಎಂದು ಹೇಳುತ್ತೇನೆ. ಮೊದಲ ಕೌನ್ಸೆಲರ್ ಹತ್ತಿರ ಹದಿನೆಂಟೋ ಇಪ್ಪತ್ತೋ ಸಲ ಹೋದೆ. ಒಳ್ಳೆಯ ಮನುಷ್ಯ. ಆಫೀಸು, ಮನೆ, ಬಾಲ್ಯ, ಎಲ್ಲ ಮಾತಾಡಿದೆವು. ಅಪಘಾತದ ಮಾತು ಬಂದರೆ ನಾನು ಜಾರಿಕೊಳ್ಳುತ್ತಿದ್ದೆ, ಅವರೂ ಬಿಟ್ಟುಬಿಡುತ್ತಿದ್ದರು. ಹೆಚ್ಚುಕಡಿಮೆ ಎರಡು ತಿಂಗಳ ಸಂಬಳ ಅಲ್ಲೇ ಕರಗಿತು. ಆಮೇಲೆ ಇನ್ನೊಬ್ಬರು ನಿದ್ದೆಗೆಂದು ಬೆಂಜೊ ಗುಂಪಿನ, ರೂಢಿ ಹಿಡಿಯುವ ಮಾತ್ರೆ ಕೊಟ್ಟರು. ನಿದ್ದೆ ಬಂತು, ಕನಸು ಹೋಗಲಿಲ್ಲ. ಮಾತ್ರೆ ಬಿಡುವುದಕ್ಕೇ ಮೂರು ತಿಂಗಳು ಹಿಡಿಯಿತು, ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಿ. ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲೀನ್ ಮಾತ್ರೆ ಪರವಾಗಿಲ್ಲ. ಐದಾರು ವಾರ ಆದ ಮೇಲೆ ಸಿಡುಕು ತಗ್ಗಿತು. ಆದರೆ ಲಾರಿ ಕಂಡರೆ ಅದೇ ನಡುಕ.

ಕೊನೆಗೆ ಸಿಕ್ಕ ಥೆರಪಿಸ್ಟ್, ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಮಾಡಿಸುವವರು, ಅಂದರೆ ಹೆದರಿಸುವ ನೆನಪನ್ನು ತಪ್ಪಿಸಿಕೊಳ್ಳದೆ ಮತ್ತೆ ಮತ್ತೆ ಎದುರಿಸುವ ಚಿಕಿತ್ಸೆ. ಸಾಮಾನ್ಯವಾಗಿ 8ರಿಂದ 15 ಸೆಷನ್. ಕಣ್ಣು ಮುಚ್ಚಿ ಆ ರಾತ್ರಿಯನ್ನು ಈಗ ನಡೆಯುತ್ತಿರುವ ಹಾಗೆ ಹೇಳಬೇಕು. ಅದರ ರೆಕಾರ್ಡಿಂಗನ್ನು ಮನೆಯಲ್ಲಿ ದಿನಾ ಕೇಳಬೇಕು. ಮೊದಲ ದಿನ ನಾಲ್ಕೇ ನಿಮಿಷಕ್ಕೆ ಆಫ್ ಮಾಡಿದೆ. ನೂರಕ್ಕೆ ಸಂಕಟ ಎಷ್ಟು ಎಂದರೆ 90 ದಾಟಿತ್ತು. ಪಿಟಿಎಸ್‌ಡಿ ಲಕ್ಷಣ ಅಳೆಯುವ ಪಿಸಿಎಲ್-5 ಪ್ರಶ್ನಾವಳಿಯಲ್ಲಿ (ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು) ನನ್ನದು 54 ಇದ್ದದ್ದು 58ಕ್ಕೆ ಏರಿತು. "ನೋಡು, ಹೇಳಿದ್ದೆ" ಅಂದ ಅಣ್ಣ. ಎರಡು ವಾರ ನಾನು ಆ ಕಡೆ ತಲೆ ಹಾಕಲಿಲ್ಲ.

ನನ್ನ ತಪ್ಪು ಆಮೇಲೆ ತಿಳಿಯಿತು. ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ ಕೇಳುತ್ತಿದ್ದೆ. ಅದು ಕೇಳಿದ ಹಾಗಲ್ಲ, ತಪ್ಪಿಸಿಕೊಂಡ ಹಾಗೆ. ಸುಮ್ನೆ ಕೂತು ಕೇಳಲು ಶುರು ಮಾಡಿದ ಮೇಲೆ ಕೆಲಸ ಆಯಿತು. ಇಪ್ಪತ್ತನೇ ಸಲವೋ ಏನೋ, "ಲಾರಿ ಆಗಲೇ ನಮ್ಮ ಕಡೆಗೆ ಬಂದಿತ್ತು" ಎಂದು ನಾನೇ ಹೇಳಿದ್ದು ಕಿವಿಗೆ ಬಿತ್ತು. ಬ್ರೇಕ್ ತಡವಾಗಿ ಹಾಕಿದೆ ಎಂದು ವರ್ಷಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ, ಅಲ್ವಾ? ಆ ವಾಕ್ಯ ಮೊದಲಿನಿಂದಲೂ ಟೇಪಿನಲ್ಲೇ ಇತ್ತು. ಮೂವತ್ತರ ಹೊತ್ತಿಗೆ ನನ್ನ ದನಿ ಕೇಳಿ ನನಗೇ ಬೇಜಾರು. ಪಿಸಿಎಲ್ 20ರ ಆಸುಪಾಸಿಗೆ ಇಳಿಯಿತು. ಇದನ್ನು ಥೆರಪಿಸ್ಟ್ ಇಲ್ಲದೆ ಒಬ್ಬರೇ ಮಾಡಲು ಹೋಗಬೇಡಿ. ಆ ಎರಡು ವಾರ ನನ್ನನ್ನು ವಾಪಸ್ ಎಳೆದು ತಂದದ್ದು ಅವರ ಫೋನು.

ನಡುವೆ ಕನಸಿನ ಮೇಲೂ ಕೈ ಆಡಿಸಿದೆ. ಕೆಟ್ಟ ಕನಸಿನ ಕೊನೆಯನ್ನು ಹಗಲಲ್ಲಿ ಬದಲಾಯಿಸಿ ಬರೆದು, ದಿನಾ ಹತ್ತು ನಿಮಿಷ ಮನಸ್ಸಿನಲ್ಲೇ ಓಡಿಸುವುದು. ನನ್ನ ಲಾರಿ ಮಳೆಯಲ್ಲಿ ನೆನೆದ ಕಾಗದದ ಲಾರಿ ಆಯಿತು. ನಗಬೇಡಿ, ವಾರಕ್ಕೆ ನಾಲ್ಕೈದು ಇದ್ದ ಕನಸು ಒಂದಕ್ಕೆ ಇಳಿಯಿತು. ದುಡ್ಡು ಕೊಟ್ಟು ಹಾಕಿಸಿಕೊಂಡ ಉಸಿರಾಟದ ಆ್ಯಪ್ ಮಾತ್ರ ದಂಡ.

ಬೆಂಬಲದ ಗುಂಪುಗಳಲ್ಲಿ ಮೊದಲನೆಯದು ಯಾರ ಕಷ್ಟ ದೊಡ್ಡದು ಎಂಬ ಪಂದ್ಯ. ಮೂರೇ ವಾರಕ್ಕೆ ಬಿಟ್ಟೆ. ಎರಡನೆಯದರಲ್ಲಿ ಆರು ಜನ, ಒಂದೇ ನಿಯಮ: ಘಟನೆಯ ವಿವರ ಬೇಡ, ಈ ವಾರ ಏನು ಮಾಡಿದೆ ಅಷ್ಟು ಹೇಳು. ಪುಕ್ಕಟೆ ಬೇರೆ. ಕಾರು ಹತ್ತುವ ಮುಂಚೆ ನಾನು ಮಾಡುವ ಒಂದು ಉಪಾಯ ಇದೆ, ಅದನ್ನು ಅಲ್ಲೂ ಹೇಳಿಲ್ಲ. ಥೆರಪಿಸ್ಟ್‌ಗೆ ಗೊತ್ತಾದರೆ ಅದನ್ನೂ ಬಿಡಿಸುತ್ತಾರೆ.

ಅಣ್ಣನಿಗೂ ಒಂದು ಕೆಲಸ ಕೊಟ್ಟಿದ್ದೆ. ಬುದ್ಧಿ ಹೇಳಬೇಡ, ಹೇಗಿದ್ದೀಯ ಎನ್ನಬೇಡ. ನಾನು ಟೇಪ್ ಕೇಳುವಾಗ ಪಕ್ಕದ ಕೋಣೆಯಲ್ಲಿ ಕೂತಿರು, ಮುಗಿದ ಮೇಲೆ ಸಂಕಟ ನೂರಕ್ಕೆ "ಎಷ್ಟು?" ಎಂದು ಕೇಳು, ಅಷ್ಟೇ. ಗೊಣಗಿಕೊಂಡೇ ಮಾಡಿದ, ಒಂದು ದಿನವೂ ತಪ್ಪಿಸಲಿಲ್ಲ.

ಕಳೆದ ವಾರ ಹೆದ್ದಾರಿಯಿಂದ ವಾಪಸ್ ಬಂದು ಮನೆ ಮುಂದೆ ಕಾರು ನಿಲ್ಲಿಸಿದಾಗ ಬಾಯಿ ಬಿಟ್ಟ. "ಎಷ್ಟು?"

ನಲವತ್ತು ಇತ್ತು. ಮೂವತ್ತು ಅಂದೆ.