ಏರು, ಇಳುಕಲು, ಮಳೆಗಾಲ: ನನ್ನ ವೀಲ್‌ಚೇರಿಗೆ ಬ್ಯಾಟರಿ ಆರಿಸಿದ್ದು

ಕಾಳುಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರದಿಂದ ಬಿದ್ದು ನನ್ನ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಮನೆ ಮೂಡಿಗೆರೆ ಕಡೆ, ಗುಡ್ಡದ ಮೇಲೆ. ಅಂಗಡಿ ಕೆಳಗೆ, ಟಾರು ರಸ್ತೆ ಪಕ್ಕ. ನಡುವೆ ಒಂದೂವರೆ ಕಿಲೋಮೀಟರು ಸಿಮೆಂಟು ದಾರಿ. ಬೆಳಿಗ್ಗೆ ಬರೀ ಇಳುಕಲು, ಸಂಜೆ ಬರೀ ಏರು.

ವೀಲ್‌ಚೇರ್ ಜೊತೆ ಬಂದಿದ್ದು 12 ವೋಲ್ಟಿನ ಎರಡು ಸೀಲ್ಡ್ ಲೆಡ್ ಆ್ಯಸಿಡ್ ಬ್ಯಾಟರಿ. ಎಜಿಎಂ ಅನ್ನುವ ಜಾತಿ, 35 ಎಎಚ್ (ಆಂಪಿಯರ್-ಅವರ್, ಎಷ್ಟು ಆಂಪಿಯರ್ ಎಷ್ಟು ಗಂಟೆ ಕೊಡುತ್ತದೆ ಎನ್ನುವ ಲೆಕ್ಕ). ಒಂದೊಂದೂ ಹತ್ತು ಕೆಜಿ ಮೇಲೆ. ಎರಡೂ ಸೇರಿ 24 ವೋಲ್ಟ್. ಮೊದಲ ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆದವು.

ಆಮೇಲೆ ಜೂನ್ ಬಂತು. ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ನಮ್ಮಲ್ಲಿ ಎರಡು ದಿನ ಕರೆಂಟು ಇಲ್ಲದಿರುವುದೂ ಉಂಟು. ಲೆಡ್ ಬ್ಯಾಟರಿ ಮುಕ್ಕಾಲು ಭಾಗ ಬೇಗ ತುಂಬುತ್ತದೆ, ಉಳಿದದ್ದಕ್ಕೆ ಗಂಟೆಗಟ್ಟಲೆ ಬೇಕು. ನನ್ನ ಚಾರ್ಜರಿಗೆ ಒಟ್ಟು ಎಂಟು ಗಂಟೆ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಒಂದೇ ಸಮ ಎಂಟು ಗಂಟೆ ಕರೆಂಟು ಎಲ್ಲಿ ಬರಬೇಕು? ಅರೆಬರೆ ತುಂಬಿದ್ದನ್ನೇ ಮರುದಿನ ಓಡಿಸುತ್ತಿದ್ದೆ. ಹಾಗೆ ಇಟ್ಟರೆ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಒಮ್ಮೆ ಕೂತರೆ ಸುಲಭಕ್ಕೆ ಬಿಡುವುದಿಲ್ಲ. ದಸರಾ ಹೊತ್ತಿಗೆ ಅರ್ಧ ಏರಿಗೇ ಚೇರ್ ಸುಸ್ತಾಗುತ್ತಿತ್ತು. ತಮ್ಮ ಹಿಂದಿನಿಂದ ತಳ್ಳಬೇಕಾಯಿತು. ಅವನ ಏದುಸಿರು ನನ್ನ ಕಿವಿಗೇ ಬೀಳುತ್ತಿತ್ತು. ಬಹಳ ನೋವಾಯಿತು.

ಆಗ ಕೂತು ಲೆಕ್ಕ ಹಾಕಿದೆ. ಬ್ಯಾಟರಿ ಮೇಲೆ ಬರೆದ 35 ಎಎಚ್ ಅನ್ನುವುದು 20 ಗಂಟೆ ಕಾಲ ನಿಧಾನವಾಗಿ ಎಳೆದರೆ ಸಿಗುವುದು. ಅಂದರೆ ಎರಡು ಆಂಪಿಯರಿಗಿಂತ ಕಡಿಮೆ. ನಮ್ಮ ದಾರಿಯಲ್ಲಿ ಕಡಿದಾದ ಕಡೆ ಮೀಟರ್ ಹಾಕಿ ನೋಡಿದರೆ 30 ಆಂಪಿಯರ್ ದಾಟಿತ್ತು. ಅಷ್ಟು ಜೋರಾಗಿ ಎಳೆದರೆ ಲೆಡ್ ಬ್ಯಾಟರಿ ಬರೆದಷ್ಟು ಕೊಡುವುದೇ ಇಲ್ಲ.

ಗ್ಯಾರೇಜಿನ ಹುಡುಗ, 'ಅಣ್ಣ, ಕಾರಿನ ಬ್ಯಾಟರಿ ಹಾಕಿಬಿಡಣ, ಅಗ್ಗ ಆಗುತ್ತೆ' ಅಂದ. ಬೇಡ ಅಂದೆ. ಕಾರಿನದು ಸ್ಟಾರ್ಟ್ ಮಾಡುವ ಒಂದು ಕ್ಷಣಕ್ಕೆ ಮಾಡಿದ್ದು. ದಿನಾ ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಭಾರ, ಜೊತೆಗೆ ವಾಲಿದರೆ ಆ್ಯಸಿಡ್ ಚೆಲ್ಲುತ್ತದೆ. ಜೆಲ್ ಬ್ಯಾಟರಿ ಒಳ್ಳೆಯದೇ. ಆದರೆ ಅದೂ ಲೆಡ್ಡೇ, ತುಂಬಲು ಅಷ್ಟೇ ಹೊತ್ತು.

ಉಳಿದದ್ದು ಲಿಥಿಯಂ. ಬೇಗ ತುಂಬುತ್ತದೆ, ಅರೆಬರೆ ತುಂಬಿಟ್ಟರೂ ಲೆಡ್ಡಿನ ಹಾಗೆ ಕೆಡುವುದಿಲ್ಲ. ಅದರಲ್ಲೂ ಜಾತಿಗಳಿವೆ. ಹಗುರ ಬೇಕಾದವರು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವುದು) ತೆಗೆದುಕೊಳ್ಳುತ್ತಾರೆ. ನಾನು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ತೆಗೆದುಕೊಂಡೆ. ಅದು ಸ್ವಲ್ಪ ದಪ್ಪ, ಸ್ವಲ್ಪ ತೂಕ, ಆದರೆ ಬಿಸಿಯಾಗಿ ಬೆಂಕಿ ಹತ್ತುವ ಭಯ ತುಂಬಾ ಕಡಿಮೆ. ಬ್ಯಾಟರಿ ಇರುವುದು ನನ್ನ ಸೀಟಿನ ಕೆಳಗೆ. ಬಿಸಿ ತಗುಲಿದರೂ ನನಗೆ ಗೊತ್ತಾಗುವುದಿಲ್ಲ, ಥಟ್ಟನೆ ಎದ್ದು ಓಡಲೂ ಆಗುವುದಿಲ್ಲ. ಅಲ್ಲಿಗೆ ನನ್ನ ತೀರ್ಮಾನ ಮುಗಿಯಿತು. ದುಡ್ಡು ಎಜಿಎಂಗಿಂತ ಜಾಸ್ತಿಯೇ ಆಯಿತು, ಮೆಣಸು ಮಾರಿದ ಹಣದಲ್ಲಿ ಕೊಟ್ಟೆ.

ಕೊಳ್ಳುವಾಗ ಎಎಚ್ ಜೊತೆ ಬಿಎಂಎಸ್ ಎಷ್ಟು ಆಂಪಿಯರಿನದು ಎಂದು ಕೇಳಲೇಬೇಕು. ಸೆಲ್ಲುಗಳನ್ನು ಕಾಯುವ ಬೋರ್ಡು ಅದು. ಮಿತಿ ಮೀರಿದರೆ ಕರೆಂಟು ಕಡಿದುಬಿಡುತ್ತದೆ. ಏರಿನ ನಡುವೆ ಹಾಗಾದರೆ ಏನು ಗತಿ? ನನ್ನ ಕಂಟ್ರೋಲರ್ ಒಂದೊಂದು ಮೋಟರಿಗೆ 50 ಆಂಪಿಯರ್ ವರೆಗೆ ಕೊಡುತ್ತದೆ. ಅದಕ್ಕೇ 40 ಎಎಚ್ ಪ್ಯಾಕಿಗೆ 100 ಆಂಪಿಯರಿನ ಬಿಎಂಎಸ್ ಹಾಕಿಸಿದೆ. ಚಾರ್ಜರ್ ಲಿಥಿಯಂನದೇ ಬೇಕು. ಚೇರ್ ಮಾಡಿದವರನ್ನೂ ಮೊದಲೇ ಕೇಳಿದ್ದೆ, ಎಲ್ಲ ಕಂಟ್ರೋಲರ್ ಲಿಥಿಯಂಗೆ ಒಗ್ಗುವುದಿಲ್ಲ.

ಇಷ್ಟೆಲ್ಲ ನೋಡಿಯೂ ಒಂದು ತಪ್ಪಿತು. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಇಳುಕಲಿಗೆ ಹೊರಟೆ. ನೂರು ಮೀಟರ್ ಹೋಗಿರಲಿಲ್ಲ, ಚೇರ್ ಗಕ್ಕನೆ ನಿಂತಿತು. ಬೆಲ್ಟ್ ಇರದಿದ್ದರೆ ಮುಂದಕ್ಕೆ ಬೀಳುತ್ತಿದ್ದೆ. ಆದದ್ದೇನೆಂದರೆ, ಇಳಿಯುವಾಗ ಮೋಟರೇ ಕರೆಂಟು ಮಾಡಿ ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ತುಂಬಿದ ಬ್ಯಾಟರಿಯಲ್ಲಿ ಅದಕ್ಕೆ ಜಾಗವಿಲ್ಲ. ಬಿಎಂಎಸ್ ಒಳದಾರಿ ಮುಚ್ಚಿತು, ವೋಲ್ಟೇಜ್ ಏರಿತು, ಕಂಟ್ರೋಲರ್ ನಿಲ್ಲಿಸಿತು. ಪವರ್ ಹೋದರೆ ಬ್ರೇಕ್ ತಾನಾಗಿ ಬೀಳುವಂತೆ ಈ ಚೇರುಗಳಿರುತ್ತವೆ. ಮನೆ ಕೆಳಗಿದ್ದು ಬೆಳಿಗ್ಗೆ ಏರುವವರಿಗೆ ಈ ತೊಂದರೆ ಬರುವುದಿಲ್ಲ ನೋಡಿ.

ಪರಿಹಾರ ಸುಲಭವಿತ್ತು. ಚಾರ್ಜರನ್ನು 29.2 ವೋಲ್ಟಿನಿಂದ 27.6ಕ್ಕೆ ಇಳಿಸಿಕೊಟ್ಟರು. ಸ್ವಲ್ಪ ಜಾಗ ಉಳಿಯುತ್ತದೆ. ಸೆಲ್ಲುಗಳು ಸಮ ಆಗಲಿ ಎಂದು ತಿಂಗಳಿಗೊಮ್ಮೆ ಪೂರ್ತಿ ತುಂಬಿಸುತ್ತೇನೆ, ಅಂಗಡಿಗೆ ರಜೆ ಇರುವ ದಿನ ಮಾತ್ರ. ಆ ದಿನ ಅಂಗಳದಲ್ಲೇ ಓಡಾಟ.

ಜಾಯ್‌ಸ್ಟಿಕ್ಕಿನ ದೀಪಗಳನ್ನು ಈಗ ನಂಬುವುದಿಲ್ಲ. ಅವು ಲೆಡ್ ಬ್ಯಾಟರಿಯ ವೋಲ್ಟೇಜ್ ನೋಡಿ ಮಾಡಿದವು. ಎಲ್‌ಎಫ್‌ಪಿ ವೋಲ್ಟೇಜ್ ಕೊನೆವರೆಗೂ ಹೆಚ್ಚು ಇಳಿಯುವುದಿಲ್ಲ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಒಳಗೆ ಹೋದ, ಹೊರಗೆ ಬಂದ ಆಂಪಿಯರ್ ಎಣಿಸುವ ಚಿಕ್ಕ ಮೀಟರ್ ಹಾಕಿಸಿದ್ದೇನೆ. ಲೆಡ್ ಬ್ಯಾಟರಿ ತೆಗೆದು ಹತ್ತು ಕೆಜಿ ಮೇಲೆ ತೂಕ ಇಳಿದದ್ದರಿಂದ ಮೊದಲ ವಾರ ಏರಿನಲ್ಲಿ ತಮ್ಮ ಹಿಂದೆಯೇ ಬಂದ, ಚೇರ್ ಹಿಂದಕ್ಕೆ ವಾಲುತ್ತದೆಯೋ ಎಂದು. ವಾಲಲಿಲ್ಲ.

ಹೋದ ಜುಲೈಯಲ್ಲಿ ಒಂದು ದಿನ ಸಂಜೆ ಆರಕ್ಕೆ ಬಂದ ಕರೆಂಟು ಎಂಟಕ್ಕೆ ಹೋಯಿತು. ಮೀಟರ್ ನೋಡಿದೆ, 36 ಎಎಚ್ ಇತ್ತು. ಬೆಳಿಗ್ಗೆ ಮಳೆಕೋಟು ಹಾಕಿಕೊಂಡು ಅಂಗಡಿಗೆ ಇಳಿದೆ. ಸಂಜೆ ಒಬ್ಬನೇ ಹತ್ತಿ ಬಂದೆ.