ಕೆನ್ನೆ ತಿದ್ದುವ ಮೊದಲು ಬಾಯಿ ತೆರೆಸುತ್ತೇನೆ

ಕೆನ್ನೆಯೊಳಗಿನ ಕೊಬ್ಬಿನ ಉಂಡೆಯನ್ನು ನಾನು ಮೊದಲು ಮುಟ್ಟಿದ್ದು ಅಂದ ಹೆಚ್ಚಿಸುವ ಆಪರೇಷನ್ನಿನಲ್ಲಿ ಅಲ್ಲ. ಪ್ಲಾಸ್ಟಿಕ್ ಸರ್ಜರಿ ಕಲಿಯುವಾಗ, ಗುಟ್ಕಾ ಜಗಿದು ಬಾಯಿ ತೆರೆಯಲಾಗದೆ ಬಂದವರ ಕೆನ್ನೆಯನ್ನು ಒಳಗಿನಿಂದ ಬಿಡಿಸುತ್ತಿದ್ದೆವು. ಗಡುಸಾದ ನಾರಿನ ಪಟ್ಟಿಗಳನ್ನು ಕತ್ತರಿಸಿದ ಮೇಲೆ ಹಸಿ ಗಾಯ ಉಳಿಯುತ್ತದೆ. ಪಕ್ಕದಲ್ಲೇ ಇರುವ ಆ ಕೊಬ್ಬಿನ ಉಂಡೆಯನ್ನು, ಅಂದರೆ ಬುಕ್ಕಲ್ ಫ್ಯಾಟನ್ನು, ಮೆಲ್ಲಗೆ ಎಳೆದು ಅದರ ಮೇಲೆ ಹಾಸಿ ಹೊಲಿದರೆ ಕೆಲವೇ ವಾರಗಳಲ್ಲಿ ಮೇಲೆ ಬಾಯಿಯ ಪೊರೆ ಬೆಳೆದು ಕೂಡಿಕೊಳ್ಳುತ್ತದೆ. ಕ್ಯಾನ್ಸರ್ ತೆಗೆದ ಸಣ್ಣ ಗಾಯಗಳಿಗೂ ಅದೇ ಕೊಬ್ಬು ಒದಗುತ್ತದೆ. ಈಗ ಇಪ್ಪತ್ತರ ಆಸುಪಾಸಿನ ಹುಡುಗಿಯರು ಬಂದು, ಮುಖ ತೆಳ್ಳಗೆ ಕಾಣಲೆಂದು ಅದೇ ಉಂಡೆಯನ್ನು ತೆಗೆದು ಬಿಸಾಡಿ ಎಂದು ಕೇಳುತ್ತಾರೆ. ಕೇಳಿದ ಕೂಡಲೇ ನನ್ನ ಕೈ ಮುಂದೆ ಬರುವುದಿಲ್ಲ.

ನನ್ನ ಕ್ಲಿನಿಕ್ ಪುಣೆಯ ಕೋಥ್ರೂಡಿನಲ್ಲಿದೆ. ಬೋರ್ಡು ಮರಾಠಿಯಲ್ಲಿದ್ದರೂ ಅಡ್ಡಹೆಸರು ನೋಡಿ ನಮ್ಮ ಕಡೆಯವರು ಗುರುತು ಹಿಡಿಯುತ್ತಾರೆ. ಹಿಂಜವಡಿಯ ಸಾಫ್ಟ್‌ವೇರ್ ಹುಡುಗಿಯರು, ಬೆಳಗಾವಿ, ವಿಜಯಪುರ, ಕಲಬುರ್ಗಿ ಬಿಟ್ಟು ಇಲ್ಲಿ ನೆಲೆಸಿದ ಮನೆಗಳ ಹೆಂಗಸರು, ಈಚೆಗೆ ಗಂಡಸರೂ. ಎರಡು ಮಾತು ಇಂಗ್ಲಿಷಿನಲ್ಲಿ ಆಗುತ್ತವೆ, ಮೂರನೆಯದು "ಗಲ್ಲ ಭಾಳ ಗುಂಡಗ ಅದಾವ್ರಿ ಡಾಕ್ಟ್ರ" ಎಂದೇ ಬರುತ್ತದೆ. ಮೊಬೈಲಿನಲ್ಲಿ ಯಾವುದೋ ನಟಿಯ ಮುಖ. ಅದನ್ನು ಬದಿಗಿಡಿಸಿ, ನಿಮ್ಮದೇ ಹಳೆಯ ಫೋಟೋ ಇದ್ದರೆ ತೋರಿಸಿ ಎನ್ನುತ್ತೇನೆ. ಮದುವೆಯ ಆಲ್ಬಮ್ ಹೇಳುವಷ್ಟನ್ನು ಯಾವ ನಟಿಯ ಫೋಟೋವೂ ಹೇಳುವುದಿಲ್ಲ.

ನೋಡುವುದು, ಗುರುತು ಹಾಕುವುದು ಎಲ್ಲ ಕೂರಿಸಿಕೊಂಡೇ. ಮಲಗಿದರೆ ಕೆನ್ನೆ ಕಿವಿಯ ಕಡೆ ಜಾರಿ, ಇಲ್ಲದ ತಾರುಣ್ಯ ಬಂದುಬಿಡುತ್ತದೆ. ಬೆಳಕು ನೆತ್ತಿಯ ಮೇಲಿಂದ ಬೀಳಬೇಕು, ನೆರಳು ಎಲ್ಲಿ ನಿಲ್ಲುತ್ತದೆ ಎಂದು ಆಗಲೇ ತಿಳಿಯುವುದು. ಎದುರಿನಿಂದ, 45 ಡಿಗ್ರಿ ಓರೆಯಿಂದ, ಪಕ್ಕದಿಂದ ಫೋಟೋ ತೆಗೆದು, ಹಲ್ಲು ಕಚ್ಚಲು ಹೇಳಿ ದವಡೆಯ ಮೇಲೆ ಬೆರಳಿಡುತ್ತೇನೆ. ಗಟ್ಟಿ ಗಂಟೊಂದು ಎದ್ದು ಬಂದರೆ ಮುಖ ಅಗಲ ಕಾಣುವುದು ಕೊಬ್ಬಿನಿಂದಲ್ಲ, ಜಗಿಯುವ ಸ್ನಾಯುವಿನಿಂದ. ರಾತ್ರಿ ಹಲ್ಲು ಕಡಿಯುವವರಲ್ಲಿ ಇದು ಸಾಮಾನ್ಯ. ಅವರಿಗೆ ಬೊಟಾಕ್ಸ್ ಚುಚ್ಚುಮದ್ದಿನಿಂದ ಆ ಸ್ನಾಯು ಕೆಲವು ತಿಂಗಳು ಇಳಿಯುತ್ತದೆ, ಕತ್ತರಿಯ ಮಾತೇ ಬೇಡ.

ಆಮೇಲೆ ಬಾಯಿ ತೆರೆಸುತ್ತೇನೆ. ಅವರದೇ ಮೂರು ಬೆರಳು ನೆಟ್ಟಗೆ ಒಳಗೆ ಹೋಗಬೇಕು. ಅಂದಕ್ಕೆಂದು ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ. ಒಮ್ಮೆ ಇಂಡಿ ಕಡೆಯ ತಾಯಿಯೊಬ್ಬರು ಮಗನನ್ನು ಕರೆತಂದಿದ್ದರು. "ಲಗ್ನ ಗೊತ್ತಾಗೇದರೀ, ಇವನ ಗಲ್ಲ ನೋಡಿದ್ರ ಒಳಗ ಹೋಗ್ಯಾವ, ಏನರ ತುಂಬ್ರಿ" ಎಂದರು. ಹುಡುಗನ ಬಾಯಿಗೆ ಎರಡು ಬೆರಳೂ ಕಷ್ಟ. ಒಳಗೆ ಕೆನ್ನೆ ಬಿಳಿಚಿ ಚರ್ಮದ ಪಟ್ಟಿಯಂತಾಗಿತ್ತು. ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ. ಹುಡುಗನ ಅಂಗಿಯ ಜೇಬಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಇಂಥ ಕೆನ್ನೆ ಗುಳಿ ಬಿದ್ದದ್ದಲ್ಲ, ಒಳಗಿನಿಂದ ಬಿಗಿದು ಎಳೆದದ್ದು. ಮೇಲಿನಿಂದ ಎಷ್ಟು ತುಂಬಿದರೂ ಕಾಯಿಲೆ ಮುಚ್ಚಿಟ್ಟಂತೆಯೇ, ಅದು ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯೂ ಇದೆ. ಕೆನ್ನೆ ತುಂಬುವ ಫಿಲ್ಲರ್ ಚುಚ್ಚುವುದಿಲ್ಲ ಎಂದೆ, ಬಾಯಿಯ ಸರ್ಜನ್‌ಗೆ ಚೀಟಿ ಬರೆದುಕೊಟ್ಟೆ. ತಾಯಿ ಸಿಟ್ಟಾದರು. ಮಗ ನೆಲ ನೋಡುತ್ತಿದ್ದ.

ನಿಜವಾಗಿಯೂ ಸೊರಗಿದ ಕೆನ್ನೆಯ ಕತೆ ಬೇರೆ. ಮುಖದ ಕೊಬ್ಬು ಒಂದೇ ಹಾಳೆಯಾಗಿಲ್ಲ, ಬೇರೆ ಬೇರೆ ಕೋಣೆಗಳಾಗಿದೆ ಎಂದು ಅಮೆರಿಕದ ಸರ್ಜನ್‌ಗಳಾದ ರೋರಿಕ್ ಮತ್ತು ಪೆಸ್ಸಾ ಮೃತದೇಹಗಳಲ್ಲಿ ಬಣ್ಣ ಚುಚ್ಚಿ ತೋರಿಸಿದ್ದು 2007ರಲ್ಲಿ. ಆಳದ ಕೋಣೆ ಬಡವಾದಾಗ ಮೇಲಿನದು ಆಸರೆ ಇಲ್ಲದೆ ಜಾರಿ ಮೂಗಿನ ಪಕ್ಕದ ಗೆರೆ ಗಾಢವಾಗುತ್ತದೆ. ಬಂದವರು ಆ ಗೆರೆಗೇ ಬೆರಳು ತೋರಿಸುತ್ತಾರೆ. ನಾನು ಗೆರೆಯನ್ನು ಬಿಟ್ಟು ಕೆನ್ನೆಮೂಳೆಯ ಮೇಲೆ ತುಂಬುತ್ತೇನೆ. ಕಣ್ಣಿನ ಹೊರತುದಿಯಿಂದ ಬಾಯಿಯ ಮೂಲೆಗೆ ಒಂದು ಗೆರೆ, ಮೂಗಿನ ಹೊಳ್ಳೆಯಿಂದ ಕಿವಿಯ ಮುಂಭಾಗಕ್ಕೆ ಇನ್ನೊಂದು. ಎರಡೂ ಕೂಡುವ ಜಾಗದ ಮೇಲೆ, ಹೊರಗಡೆ, ಕೆನ್ನೆ ಉಬ್ಬಿ ಹೊಳೆಯಬೇಕಾದ ಜಾಗ ಸಿಗುತ್ತದೆ.

ಹೈಲುರಾನಿಕ್ ಆಸಿಡ್ ಎಂಬ ಜೆಲ್ಲಿನಂಥ ಫಿಲ್ಲರಿನ ಒಂದು ಸಿರಿಂಜಿನಲ್ಲಿರುವುದು 1 ಮಿಲಿ, ಟೀ ಚಮಚದ ಐದನೇ ಒಂದು ಪಾಲು. ಅದಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಖರ್ಚಾಗುತ್ತದೆ ಎಂದಾಗ ಬಂದವರ ಮುಖವೇ ಒಮ್ಮೆ ಸೊರಗುತ್ತದೆ. ಮೂಳೆಗೆ ತಾಗುವಷ್ಟು ಆಳಕ್ಕೆ ಸೂಜಿ ಇಳಿಸಿ, ಪಿಸ್ಟನ್ ಹಿಂದೆಳೆದು ರಕ್ತ ಬರುವುದಿಲ್ಲವೆಂದು ನೋಡಿ, 0.1 ಅಥವಾ 0.2 ಮಿಲಿಯಷ್ಟೇ ಬಿಡುತ್ತೇನೆ. ಮೂಗಿನ ಹತ್ತಿರಕ್ಕೆ ಬಂದಂತೆ ಸೂಜಿ ಬಿಟ್ಟು, ಮೊಂಡು ತುದಿಯ ತೆಳು ಕೊಳವೆ, ಕ್ಯಾನುಲಾ, ಹಿಡಿಯುತ್ತೇನೆ, ಏಕೆಂದರೆ ಆ ಭಾಗದಲ್ಲಿ ರಕ್ತನಾಳಗಳು ಹೆಚ್ಚು. ಪ್ರತಿ ಸಲ ಬಿಟ್ಟ ಮೇಲೆ ಚರ್ಮವನ್ನು ಒತ್ತಿ ಬಿಟ್ಟು, ಬಣ್ಣ ಬೇಗ ಮರಳುತ್ತದೆಯೇ ನೋಡುತ್ತೇನೆ. ಫಿಲ್ಲರ್ ನಾಳದೊಳಗೆ ಹೋದರೆ ಚರ್ಮ ಬಿಳಿಚುತ್ತದೆ, ಆಮೇಲೆ ಬಲೆ ಹೆಣೆದಂತೆ ನೀಲಿಗಟ್ಟಿ ಸಾಯುತ್ತದೆ. ಕಣ್ಣಿನ ನಾಳಕ್ಕೆ ಮುಟ್ಟಿದರೆ ದೃಷ್ಟಿಯೇ ಹೋಗಬಹುದು, ಅಪರೂಪವಾದರೂ ಹೌದು. ಇದಕ್ಕೆ ಫ್ರಿಜ್ಜಿನಲ್ಲಿ ಹೈಲುರಾನಿಡೇಸ್ ಇಟ್ಟಿರುತ್ತೇನೆ. ಕಣ್ಣಿನ ಡಾಕ್ಟರುಗಳು ಮರಗಟ್ಟಿಸುವ ಮದ್ದಿನ ಜೊತೆ ಬಳಸುವ ಔಷಧಿಯೇ ಅದು, ಫಿಲ್ಲರನ್ನು ಕರಗಿಸುತ್ತದೆ. ಎಲ್ಲೇ ಹೋದರೂ ಇದು ಇದೆಯೇ ಎಂದು ಮೊದಲು ಕೇಳಿ, ಸಿರಿಂಜಿನ ಡಬ್ಬಿಯನ್ನು ಕಣ್ಣೆದುರೇ ಬಿಚ್ಚಿಸಿ, ಬ್ಯಾಚ್ ನಂಬರಿನ ಚೀಟಿ ಮನೆಗೆ ತನ್ನಿ. ಪಾರ್ಲರಿನಲ್ಲಿ ಅರ್ಧ ಬೆಲೆಗೆ ಚುಚ್ಚುತ್ತಾರಂತೆ ಎನ್ನುವವರಿಗೂ ಇದನ್ನೇ ಹೇಳುತ್ತೇನೆ, ಸ್ವಲ್ಪ ದನಿ ಏರಿಸಿ.

ಫಿಲ್ಲರ್ ಒಂದರಿಂದ ಎರಡು ವರ್ಷದಲ್ಲಿ ಕರಗುತ್ತದೆ. ಹಿಡಿಸದವರಿಗೆ ಅದೇ ಅನುಕೂಲ, ಹಿಡಿಸಿದವರಿಗೆ ಅದೇ ಖರ್ಚು.

ಈಚೆಗೆ ಸೆಮಾಗ್ಲುಟೈಡ್‌ನಂಥ ಔಷಧಿಯಿಂದ ಹದಿನೈದು-ಇಪ್ಪತ್ತು ಕಿಲೋ ಇಳಿದವರು ಬರುತ್ತಿದ್ದಾರೆ. ಹೊಟ್ಟೆ ಕರಗಿದ ಖುಷಿ, ಕೆನ್ನೆ ಕರಗಿದ ದುಃಖ. ಇವರಿಗೆ ಸಿರಿಂಜಿನ ಮೇಲೆ ಸಿರಿಂಜ್ ಹಾಕುವ ಬದಲು, ತೂಕ ಒಂದು ಕಡೆ ನಿಂತ ಮೇಲೆ ಅವರದೇ ಕೊಬ್ಬು ತುಂಬುವುದು ನನಗೆ ಸರಿ ಎನಿಸುತ್ತದೆ. ಜರ್ಮನಿಯ ಸರ್ಜನ್ ನ್ಯೂಬರ್ ತೋಳಿನ ಕೊಬ್ಬನ್ನು ಮುಖದ ಕುಳಿಗೆ ಇಟ್ಟದ್ದು 1893ರಲ್ಲೇ. ಈಗಿನ ಕ್ರಮಕ್ಕೆ ಅಚ್ಚುಕಟ್ಟು ತಂದವರು ಅಮೆರಿಕದ ಸರ್ಜನ್ ಕೋಲ್ಮನ್. ಹೊಟ್ಟೆಯಿಂದಲೋ ತೊಡೆಯಿಂದಲೋ ಸಣ್ಣ ಕೊಳವೆಯಲ್ಲಿ ಕೊಬ್ಬು ಎಳೆದು, ನಿಮಿಷಕ್ಕೆ 3000 ಸುತ್ತಿನಂತೆ 3 ನಿಮಿಷ ತಿರುಗಿಸಿದರೆ ಎಣ್ಣೆ ಮೇಲಕ್ಕೆ, ರಕ್ತ, ನೀರು ಕೆಳಕ್ಕೆ. ನಡುವಿನದನ್ನು ಮಾತ್ರ ಹನಿಹನಿಯಾಗಿ ಬೇರೆ ಬೇರೆ ಪದರಗಳಲ್ಲಿ ಬಿಡುತ್ತೇನೆ. ಒಟ್ಟಿಗೆ ಉಂಡೆಯಾಗಿ ಸುರಿದರೆ ನಡುವಿನದಕ್ಕೆ ರಕ್ತ ಸಿಗದೆ ಸತ್ತು ಗಂಟಾಗುತ್ತದೆ. ಹಾಕಿದ್ದರಲ್ಲಿ ಸುಮಾರು ಅರ್ಧ ಉಳಿಯುತ್ತದೆ ಎಂದು ಮೊದಲೇ ಹೇಳಿರುತ್ತೇನೆ. ಎಷ್ಟು ನಿಂತಿತು ಎಂದು ಗೊತ್ತಾಗಲು ಮೂರು ತಿಂಗಳಾದರೂ ಬೇಕು. ಹೊಟ್ಟೆಯಿಂದ ಬಂದ ಕೊಬ್ಬು ಹೊಟ್ಟೆಯ ಬುದ್ಧಿ ಬಿಡುವುದಿಲ್ಲ, ಮತ್ತೆ ತೂಕ ಏರಿದರೆ ಕೆನ್ನೆಯೂ ಏರುತ್ತದೆ.

ಸಿಲಿಕೋನ್ ಇಂಪ್ಲಾಂಟನ್ನು ಮೇಲಿನ ಒಸಡಿನ ಒಳಗಿನಿಂದ ಮೂಳೆಯ ಮೇಲೆ ಕೂರಿಸಬಹುದು. ಹುಟ್ಟಿನಿಂದಲೇ ಕೆನ್ನೆಮೂಳೆ ಚಪ್ಪಟೆಯಿದ್ದು, ಶಾಶ್ವತ ಪರಿಹಾರ ಬೇಕೆನ್ನುವವರಿಗಷ್ಟೇ ಅದು. ನಕ್ಕಾಗ ಗುಳಿ ಬೀಳುವ ಕೆನ್ನೆ ಬೇಕೆನ್ನುವವರಿಗೆ ಬಾಯೊಳಗಿನಿಂದ ಚರ್ಮದ ತಳಕ್ಕೆ ಒಂದು ಹೊಲಿಗೆ ಸಾಕು. ಮೊದಲ ವಾರಗಳಲ್ಲಿ ನಗದಿದ್ದರೂ ಗುಳಿ ಕಾಣುತ್ತದೆ, ಗಾಬರಿ ಬೇಡ.

ಇನ್ನು ಬುಕ್ಕಲ್ ಫ್ಯಾಟ್. ಪ್ರತಿ ಕಡೆ ಸುಮಾರು 10 ಮಿಲಿ ಇರುತ್ತದೆ, ತೆಳ್ಳಗಿರುವವರಲ್ಲೂ. ಮೇಲಿನ ಎರಡನೇ ದವಡೆ ಹಲ್ಲಿನ ಎದುರು ಎಂಜಲು ಗ್ರಂಥಿಯ ನಾಳ ಬಾಯಿಗೆ ತೆರೆಯುವುದು ಅಲ್ಲೇ, ತುಟಿ ಎತ್ತುವ ನರದ ಎಳೆಗಳು ಹಾಯುವುದೂ ಅಲ್ಲೇ. ಮಾಡುವುದಾದರೆ ಒಂದೂವರೆ ಸೆಂಟಿಮೀಟರ್ ಸೀಳಿ, ಹೊರಗಿನಿಂದ ಮೆಲ್ಲಗೆ ಒತ್ತಿ, ತಾನಾಗಿ ಹೊರಬಂದಷ್ಟನ್ನೇ ತೆಗೆಯುತ್ತೇನೆ, ಒಳಗಿನದನ್ನು ಎಳೆಯುವುದಿಲ್ಲ. ಹೋದದ್ದು ಮತ್ತೆ ಬೆಳೆಯುವುದಿಲ್ಲ. ವಯಸ್ಸಾದಂತೆ ಉಳಿದ ಕೋಣೆಗಳೂ ಬಡವಾದಾಗ ಆ ಜಾಗ ಕುಳಿಯಾಗುತ್ತದೆ. ಅದಕ್ಕೇ ಅಮ್ಮನನ್ನೋ ಅಕ್ಕನನ್ನೋ ಕರೆತನ್ನಿ ಎನ್ನುತ್ತೇನೆ. ಐವತ್ತರಲ್ಲಿ ಅಮ್ಮನ ಕೆನ್ನೆ ಸೊರಗಿದ್ದರೆ ಮಗಳಿಗೆ ನಾನು ಮಾಡುವುದಿಲ್ಲ. ಅಮ್ಮನದೂ ತುಂಬಿಕೊಂಡೇ ಇದ್ದು, ಹುಡುಗಿಗೆ ಇಪ್ಪತ್ತೈದು ದಾಟಿದ್ದು, ತೂಕ ಸ್ಥಿರವಾಗಿದ್ದರೆ ಮಾಡಿದ್ದೇನೆ, ಅದೂ ಅರ್ಧಕ್ಕಿಂತ ಕಡಿಮೆ ತೆಗೆದು. ಗುಟ್ಕಾ, ತಂಬಾಕು ಹಾಕುವವರಿಗೆ ಮಾತ್ರ ಸುತಾರಾಂ ಇಲ್ಲ. ಅವರಿಗೆ ಆ ಉಂಡೆ ಮುಂದೆ ಬಾಯೊಳಗಿನ ಗಾಯಕ್ಕೇ ಬೇಕಾಗಬಹುದು.

ಲಗ್ನದ ಸೀಸನ್ನಿನಲ್ಲಿ ಗಡಿಬಿಡಿ ಹೆಚ್ಚು. ಫಿಲ್ಲರಿಗೆ ಕನಿಷ್ಠ ಒಂದು ತಿಂಗಳು ಮೊದಲು, ಕೊಬ್ಬು ತುಂಬಲು ನಾಲ್ಕು ತಿಂಗಳು ಮೊದಲು ಬನ್ನಿ ಎನ್ನುತ್ತೇನೆ. ಫಿಲ್ಲರಿನ ಮೇಲೆ ಎರಡು ವಾರ ಫೇಶಿಯಲ್ ಬೇಡ, ಹಲ್ಲಿನ ಕೆಲಸ ಬೇಡ. ಅರಿಷಿಣ ಹಚ್ಚುವ ಸೋದರತ್ತೆಯರು ಪ್ರೀತಿಯಿಂದ ಕೆನ್ನೆ ತಿಕ್ಕುವ ಪರಿಗೆ ಹೊಸ ಫಿಲ್ಲರ್ ಕದಲದೆ ಇದ್ದೀತೆಂಬ ಭರವಸೆ ನನಗಿಲ್ಲ. ವಾರದಲ್ಲಿ ಲಗ್ನ ಇಟ್ಟುಕೊಂಡು ಬರುವವರಿಗೆ ಸೂಜಿ ತಾಗಿಸದೆ ಕಳಿಸುತ್ತೇನೆ, ಕನ್ಸಲ್ಟೇಷನ್ ಫೀ ಕೂಡ ತೆಗೆದುಕೊಳ್ಳುವುದಿಲ್ಲ. ಫೋಟೋಗ್ರಾಫರಿಗೆ ಒಂದು ಮಾತು ಹೇಳಿ: ನೆತ್ತಿಯ ಮೇಲಿನ ದೀಪ ಆರಿಸಿ, ಎದುರಿನಿಂದ, ಕಣ್ಣಿನ ಎತ್ತರದಲ್ಲಿ ಬೆಳಕು ಬಿಡಲಿ. ಆಲ್ಬಮ್ಮಿಗೆ ಅಷ್ಟು ಸಾಕು.